ಎಸ್‌ಎಟಿ ಸಿದ್ಧತೆ: ಪುಸ್ತಕದ ಗಾತ್ರಕ್ಕಿಂತ ಮುದ್ರಣದ ವರ್ಷ ಮುಖ್ಯ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಹತ್ತನೆಯ ತರಗತಿ ಮುಗಿಸುತ್ತಿದ್ದಂತೆ ಒಂದು ಪ್ರಶ್ನೆ ಎದುರಾಗುತ್ತದೆ: ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ ಯಾವ ಪುಸ್ತಕ ಓದಿಸಬೇಕು? ಊರಿನಿಂದ ಬರುವ ಅಜ್ಜ-ಅಜ್ಜಿಯರ ಸೂಟ್‌ಕೇಸಿನಲ್ಲಿ ಹಪ್ಪಳ, ಸಾರಿನ ಪುಡಿಗಳೊಡನೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಜೆಇಇ ಗಣಿತದ ಹೊತ್ತಗೆಗಳೂ ಬರುವುದುಂಟು. ಪ್ರೀತಿಯಿಂದ ತಂದ ಆ ಪುಸ್ತಕಗಳು ಈ ಪರೀಕ್ಷೆಗೆ ಹೆಚ್ಚು ಒದಗಲಾರವು.

ಎಸ್‌ಎಟಿ ಗಣಿತದಲ್ಲಿ ಕಲನಶಾಸ್ತ್ರವೇ ಇಲ್ಲ. ಬೀಜಗಣಿತ, ದತ್ತಾಂಶ ವಿಶ್ಲೇಷಣೆ, ರೇಖಾಗಣಿತ, ತ್ರಿಕೋನಮಿತಿಗಳಷ್ಟೇ ಅದರ ವ್ಯಾಪ್ತಿ. ಕ್ಯಾಲ್ಕ್ಯುಲೇಟರ್ ಕಂಪ್ಯೂಟರ್ ಪರದೆಯ ಮೇಲೆಯೇ ಸಿಗುತ್ತದೆ. ನೀಟ್, ಜೆಇಇ ಪರೀಕ್ಷೆಗಳಂತೆ ತಪ್ಪು ಉತ್ತರಕ್ಕೆ ಇಲ್ಲಿ ಅಂಕ ಕಡಿತವಿಲ್ಲ. ಆದ್ದರಿಂದ ಪ್ರಶ್ನೆಯನ್ನು ಬಿಟ್ಟುಬಿಡುವ ಅಭ್ಯಾಸವೇ ನಷ್ಟಕರ.

ಪರಿಚಿತರ ಮಕ್ಕಳು ಓದಿ ಬಿಟ್ಟ ಹಳೆಯ ಎಸ್‌ಎಟಿ ಪುಸ್ತಕಗಳೂ ದಾರಿ ತಪ್ಪಿಸಬಲ್ಲವು. 2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಈ ಪರೀಕ್ಷೆ ಕಂಪ್ಯೂಟರ್‌ನಲ್ಲಿ ನಡೆಯುತ್ತಿದೆ. ಸುಮಾರು ಮೂರು ಗಂಟೆಯಿದ್ದ ಅವಧಿ 2 ಗಂಟೆ 14 ನಿಮಿಷಕ್ಕೆ ಇಳಿದು, ಪ್ರಶ್ನೆಗಳು 98ಕ್ಕೆ ಸೀಮಿತವಾಗಿವೆ. ಇಂಗ್ಲಿಷ್ ವಿಭಾಗದ ದೀರ್ಘ ಗದ್ಯಭಾಗಗಳ ಬದಲು 25ರಿಂದ 150 ಪದಗಳ ತುಣುಕುಗಳಿದ್ದು, ಒಂದೊಂದಕ್ಕೂ ಒಂದೇ ಪ್ರಶ್ನೆ. ಪ್ರತಿ ವಿಭಾಗದ ಮೊದಲರ್ಧದ ಉತ್ತರಗಳನ್ನು ಆಧರಿಸಿ ಎರಡನೆಯ ಅರ್ಧದ ಕಠಿಣತೆ ನಿರ್ಧಾರವಾಗುತ್ತದೆ. ಅಚ್ಚಾದ ಪುಸ್ತಕ ಈ ಅನುಭವವನ್ನು ಕೊಡಲಾರದು.

ಹಾಗಾದರೆ ಆರಂಭ ಎಲ್ಲಿಂದ? ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣಪ್ರಮಾಣದ ಮಾದರಿ ಪರೀಕ್ಷೆಗಳು ಉಚಿತವಾಗಿವೆ. ಖಾನ್ ಅಕಾಡೆಮಿಯ ಪಾಠಗಳಿಗೂ ಶುಲ್ಕವಿಲ್ಲ. ಮೊದಲು ಒಂದು ಮಾದರಿ ಪರೀಕ್ಷೆ ಬರೆಸಿ, ತಪ್ಪುಗಳನ್ನು ವಿಷಯವಾರು ವಿಂಗಡಿಸಬೇಕು. ಅಲ್ಪವಿರಾಮದ ನಿಯಮ ತಿಳಿಯದ ಮಗುವಿಗೆ ಗಣಿತದ ಕೋಚಿಂಗ್ ಏಕೆ? ಕೊರತೆ ಕಂಡ ಭಾಗಕ್ಕೆ ಮಾತ್ರ, 2024ರ ನಂತರದ ಒಂದು ಪುಸ್ತಕ ಕೊಂಡರೆ ಸಾಕು. ಅಧಿಕೃತ ಮಾದರಿ ಪರೀಕ್ಷೆಗಳ ಸಂಖ್ಯೆ ಮಿತವಾದುದರಿಂದ ಅವನ್ನು ಒಂದೇ ತಿಂಗಳಲ್ಲಿ ಬರೆದು ಮುಗಿಸದೆ, ನಡುವೆ ಕಲಿಕೆಗೆ ಅವಕಾಶವಿಟ್ಟು ಬಳಸುವುದು ಜಾಣತನ.

ಹಣ ಸುರಿಯುವ ಮುನ್ನ ಮಗು ಬಯಸುವ ಕಾಲೇಜುಗಳ ನಿಯಮವನ್ನೂ ನೋಡಬೇಕು. ಎಂಐಟಿಗೆ ಈ ಅಂಕ ಇಲ್ಲವೇ ಎಸಿಟಿ ಅಂಕ ಕಡ್ಡಾಯ. ಬರ್ಕ್‌ಲಿ, ಲಾಸ್ ಏಂಜಲೀಸ್ ಸೇರಿದಂತೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಶಾಖೆಗಳು ಪ್ರವೇಶಕ್ಕೆ ಇದನ್ನು ಪರಿಗಣಿಸುವುದೇ ಇಲ್ಲ. ಇನ್ನು ಕೆಲವೆಡೆ ಅಂಕ ಸಲ್ಲಿಸುವುದು ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟದ್ದು.

ಪ್ರೌಢಶಾಲೆಯ ಮಕ್ಕಳೊಡನೆ ಅಮೆರಿಕಕ್ಕೆ ಹೊರಡುವವರು ಒಂದು ಮಾತು ಗಮನಿಸಬೇಕು. ಇಲ್ಲಿ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿ. ಕಾಲೇಜುಗಳು ಪರೀಕ್ಷೆಯ ಒಂದು ದಿನವನ್ನಷ್ಟೇ ಅಲ್ಲ, ಈ ವರ್ಷಗಳ ಶಾಲಾ ಅಂಕಗಳನ್ನೂ ತೂಗಿ ನೋಡುತ್ತವೆ. ಪುಸ್ತಕಗಳ ಭಾರ ಕಡಿಮೆ ಮಾಡಿ, ಒಂಬತ್ತನೆಯ ತರಗತಿಯಿಂದ ಈಚಿನ ಅಂಕಪಟ್ಟಿಗಳನ್ನು ಶಾಲೆಯ ಮೊಹರಿನೊಡನೆ ಜೋಪಾನವಾಗಿ ತನ್ನಿ.