ಗಡಿ ದಾಟಿದೊಡನೆ ನೆಟ್ಟಿಗೆ ಗರ

ಗೋರಂಟ್ಲದ ಅಂಗಡಿ ಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ‘ಸಿಗ್ನಲ್ ಉಂದಿ, ನೆಟ್ ರಾದು’ ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಕನ್ನಡದವರಾದರೆ ‘ಕಡ್ಡಿ ಫುಲ್ ಐತೆ, ಏನೂ ಓಪನ್ ಆಗ್ತಿಲ್ಲ’ ಅಂತಾರೆ. ಕಾಯಿಲೆ ಒಂದೇ. ಬಾಗೇಪಲ್ಲಿಯಿಂದ ಬರುವ ವ್ಯಾಪಾರಿಗೂ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವ ರೈತನಿಗೂ ಇದು ತಪ್ಪಿದ್ದಲ್ಲ. ಮಾಲು ಇಳಿಸಿದ ಮೇಲೆ ದುಡ್ಡು ಫೋನಿನಲ್ಲೇ ಬರಬೇಕಾದ ಕಾಲವಿದು. ನೆಟ್ ನಿಂತರೆ ಬಾಡಿಗೆ ಗಾಡಿಯೂ ನಿಲ್ಲುತ್ತದೆ.

2022ರ ಏಪ್ರಿಲ್‌ನಲ್ಲಿ ಗೋರಂಟ್ಲ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಫೋನಿಗೆ ಜಿಲ್ಲೆಯ ಗೊಡವೆಯಿಲ್ಲ. ಅದಕ್ಕೆ ಬೇಕಾದ್ದು ಸರ್ಕಲ್. ಕರ್ನಾಟಕ ಒಂದು ಸರ್ಕಲ್, ಆಂಧ್ರ ಇನ್ನೊಂದು. ಕಂಪನಿ ಒಂದೇ ಆದರೂ ಎರಡೂ ಕಡೆಯ ಟವರು ಸಾರುವ ಸಂಕೇತ ಬೇರೆ ಬೇರೆ. ಬಿಎಸ್‌ಎನ್‌ಎಲ್‌ದೇ ನೋಡಿ: ಕರ್ನಾಟಕದಲ್ಲಿ 404-71, ಆಂಧ್ರದಲ್ಲಿ 404-73. ಹಾಗಾಗಿ ಗಡಿ ದಾಟಿದಾಗ ಹಲವು ಫೋನುಗಳು ‘ನಾನು ಪರವೂರಿಗೆ ಬಂದೆ’ ಎಂದುಕೊಳ್ಳುತ್ತವೆ. ಮೇಲೆ ‘ಆರ್’ ಎಂಬ ಅಕ್ಷರ ಮೂಡುವುದು ಅದಕ್ಕೇ.

ಹಿಂದೆ ರೋಮಿಂಗ್ ಎಂದರೆ ಜೇಬಿಗೆ ಕತ್ತರಿ. ಆ ಭಯಕ್ಕೆ ಡೇಟಾ ರೋಮಿಂಗ್ ಆಫ್ ಮಾಡಿದವರು ಇಂದಿಗೂ ಹಾಗೇ ಬಿಟ್ಟಿದ್ದಾರೆ. 2016-17ರ ಸುಮಾರಿಗೆ ದೊಡ್ಡ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟವು. ಕರೆ ಹೋಗುತ್ತದೆ, ನೆಟ್ ಮಾತ್ರ ಇಲ್ಲ ಅಂದರೆ ನಾನು ಮೊದಲು ನೋಡುವುದು ಈ ಗುಂಡಿಯನ್ನೇ. ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ. (ದುಬೈಗೆ ಹೊರಟವರು ಮಾತ್ರ ಆಫ್ ಮಾಡಿಕೊಂಡೇ ವಿಮಾನ ಹತ್ತಿ.) ಅಲ್ಲೇ ನೆಟ್‌ವರ್ಕ್ ಆಯ್ಕೆ ‘ಆಟೊಮ್ಯಾಟಿಕ್’ ಇದೆಯೇ ನೋಡಿ. ಯಾರೋ ಕೈಯಾಡಿಸಿ ಒಂದೇ ನೆಟ್‌ವರ್ಕಿಗೆ ಕಟ್ಟಿಹಾಕಿದ್ದರೆ ಗಡಿಯಾಚೆ ‘ನೋ ಸರ್ವಿಸ್’ ಬರಬಹುದು. ಎರಡು ಸಿಮ್ ಇದ್ದವರು ಡೇಟಾ ಯಾವುದಕ್ಕೆ ಕೊಟ್ಟಿದ್ದೀರಿ ಅನ್ನೋದನ್ನೂ ನೋಡಿಕೊಳ್ಳಿ.

ಇನ್ನೂ ಜಗ್ಗದಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಫೋನು ದೂರದ ಹಳೇ ಟವರನ್ನು ಬಿಟ್ಟು ಹೊಸದಾಗಿ ಹುಡುಕುತ್ತದೆ. ಬ್ಯಾಂಕಿನ ಆ್ಯಪ್ ಒಂದೇ ಮುಷ್ಕರ ಹೂಡಿದ್ದರೆ ತಾರೀಖು, ಗಂಟೆ ಸರಿಯಿದೆಯೇ ನೋಡಿ. ಗಡಿಯಾರ ತಪ್ಪಿದ ಫೋನನ್ನು ಅವು ನಂಬುವುದಿಲ್ಲ. ಅಂಗಡಿಯ ಕಂಪ್ಯೂಟರಿಗೆ ನೆಟ್ ಬರದಿದ್ದರೆ ಫೋನಿನ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಅದರಲ್ಲಿ ಬಂದರೆ ತಪ್ಪು ಕಂಪ್ಯೂಟರಿನದಲ್ಲ, ರೌಟರು ಇಲ್ಲವೇ ಲೈನಿನದು. ಸುಮ್ಮನೆ ಮೆಕ್ಯಾನಿಕ್ಕಿಗೆ ದುಡ್ಡು ಸುರಿಯಬೇಡಿ.

ನಿಜವಾದ ನಷ್ಟ ಆಗೋದು ಇದಕ್ಕಿಂತ ಮುಂದೆ. ಹಣ ಕಳಿಸುವಾಗ ನೆಟ್ ಕಡಿದು ಚಕ್ರ ತಿರುಗುತ್ತಲೇ ಇರುತ್ತದೆ. ಎದುರಿಗಿನವರು ‘ಬರಲಿಲ್ಲಣ್ಣಾ, ಇನ್ನೊಂದ್ಸಲ ಹಾಕು’ ಅಂತಾರೆ. ಹಾಕಬೇಡಿ! ಮೊದಲು ನಿಮ್ಮ ಖಾತೆಯ ಬ್ಯಾಲೆನ್ಸ್ ನೋಡಿ. ನೆಟ್ ಇಲ್ಲದಿದ್ದರೂ, ಸಂಖ್ಯೆ ಮೊದಲೇ ಯುಪಿಐಗೆ ಜೋಡಣೆಯಾಗಿದ್ದರೆ *99# ಒತ್ತಿ ನೋಡಲು ದಾರಿಯಿದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆದೇಶದ ಪ್ರಕಾರ, ನಿಮ್ಮ ಖಾತೆಯಿಂದ ಹೋಗಿ ಇನ್ನೊಬ್ಬರ ಖಾತೆಗೆ ಸೇರದ ಯುಪಿಐ ಹಣ ಮರುದಿನದೊಳಗೆ ವಾಪಸಾಗಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳಲು ನಾಚಿಕೆ ಬೇಡ. ವಹಿವಾಟಿನ 12 ಅಂಕಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಬ್ಯಾಂಕಿಗೆ ಹೋಗಿ.

ಮಾರುವವರಿಗೂ ಒಂದು ಮಾತು: ಕೊಳ್ಳುವವನು ತೋರಿಸುವ ‘ಪೇಯ್ಡ್’ ಚಿತ್ರ ನೋಡಿ ಮಾಲು ಬಿಡಬೇಡಿ, ನಿಮ್ಮ ಖಾತೆ ನೋಡಿ ಬಿಡಿ. ‘ನೆಟ್‌ವರ್ಕ್ ಸರಿ ಮಾಡ್ತೀವಿ, ಓಟಿಪಿ ಚೆಪ್ಪಂಡಿ’ ಎಂದು ಯಾರಾದರೂ ಕರೆ ಮಾಡಿದರೆ ಕೂಡಲೇ ಫೋನ್ ಇಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ; ಆ ಸಂಖ್ಯೆ ಗಡಿಯ ಎರಡೂ ಕಡೆ ಒಂದೇ.