ಕೂಸಿನ ನಾಲಗೆಗೆ ಸಿಹಿಯಾಚೆಯ ರುಚಿಗಳ ಪರಿಚಯ

ಅಮಾವಾಸ್ಯೆಯ ದಿನ ಶ್ರೀಮಠದ ದರ್ಶನಕ್ಕೆ ಬರುವ ಭಕ್ತರಲ್ಲಿ ಕೆಲವರು ಹಿಂದಿರುಗುವಾಗ ನಮ್ಮ ಚಿಕಿತ್ಸಾಲಯಕ್ಕೂ ಬಂದುಹೋಗುವುದು ವಾಡಿಕೆ. ಕೆಲವು ತಿಂಗಳ ಹಿಂದೆ ಹೀಗೆ ಬಂದ ಅಜ್ಜಿಯೊಬ್ಬರು ಹನ್ನೊಂದು ತಿಂಗಳ ಮೊಮ್ಮಗಳನ್ನು ನಮ್ಮ ಮುಂದೆ ಕುಳ್ಳಿರಿಸಿದರು. ಕೂಸು ನೋಡಲು ದುಂಡಗಿತ್ತು. ಆದರೆ ಕಣ್ಣಿನ ಕೆಳರೆಪ್ಪೆಯ ಒಳಭಾಗ, ಅಂಗೈ, ಉಗುರುಗಳು ಬಿಳಿಚಿಕೊಂಡಿದ್ದವು. ಏನೇನು ಉಣಿಸುತ್ತೀರಿ ಎಂದು ವಿಚಾರಿಸಿದೆವು. ಬೆಳಿಗ್ಗೆ ಸಕ್ಕರೆ ಹಾಕಿದ ರಾಗಿ ಸರಿ, ನಡುವೆ ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಮಧ್ಯಾಹ್ನ ಬಾಳೆಹಣ್ಣು, ಸಂಜೆ ಮತ್ತೆ ಸರಿ, ರಾತ್ರಿ ಸಕ್ಕರೆ ಬೆರೆಸಿದ ಆಕಳ ಹಾಲು. ಬೇಳೆ, ಕಾಯಿಪಲ್ಲೆ ಕೊಡುವುದಿಲ್ಲವೇ ಎಂದರೆ, "ಸಿಹಿ ಇಲ್ಲಂದ್ರ ಬಾಯಾಗ ಇಟ್ಕೊಳ್ಳಂಗಿಲ್ರಿ, ಉಗಳತೈತಿ. ಇದರ ನಾಲಗಿನ ಸಿಹಿ ನಾಲಗಿ" ಎಂದರು ಅಜ್ಜಿ.

ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿತ್ತು. ಆ ವಯಸ್ಸಿಗೆ ಅದು ಹನ್ನೊಂದರ ಸಮೀಪವಾದರೂ ಇರಬೇಕು. ಮಕ್ಕಳ ತಜ್ಞರ ಬಳಿ ಕಳುಹಿಸಿ ಕಬ್ಬಿಣಾಂಶದ ಹನಿಗಳನ್ನು ಆರಂಭಿಸಲಾಯಿತು. ಇಂಥ ಕೂಸು ಇದೊಂದೇ ಅಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. ೬೫.೫ರಷ್ಟು ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಅಡುಗೆಮನೆಯಲ್ಲಿಯೇ ಸರಿಪಡಿಸಬಹುದಾದ ಒಂದನ್ನು ಕುರಿತು ಈ ಸಲ ಬರೆಯುತ್ತಿದ್ದೇವೆ.

ಕೂಸು ಹುಟ್ಟುವಾಗ ತಾಯಿಯ ಗರ್ಭದಿಂದ ಕಬ್ಬಿಣಾಂಶದ ಒಂದು ಬುತ್ತಿಯನ್ನು ಕಟ್ಟಿಕೊಂಡೇ ಬರುತ್ತದೆ. ಅದು ಸುಮಾರು ಆರು ತಿಂಗಳವರೆಗೆ ಸಾಲುತ್ತದೆ. ಎದೆಹಾಲು ಅಮೃತಸಮಾನವಾದರೂ ಅದರಲ್ಲಿ ಕಬ್ಬಿಣಾಂಶ ಅತ್ಯಲ್ಪ. ಆಕಳ ಹಾಲಿನಲ್ಲಿಯೂ ಅಷ್ಟೇ. ಆದುದರಿಂದ ಬುತ್ತಿ ಮುಗಿಯುವ ಹೊತ್ತಿಗೆ ಬೇಳೆ, ಕಾಳು, ಸೊಪ್ಪು, ಸಜ್ಜೆಯಂತಹ ಧಾನ್ಯಗಳು ಕೂಸಿನ ಹೊಟ್ಟೆಯನ್ನು ಸೇರತೊಡಗಬೇಕು. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಬೇರೆ ದಾರಿಯೂ ಇಲ್ಲ. ಇವುಗಳಲ್ಲಿ ಯಾವುದೂ ಸಿಹಿಯಲ್ಲ. ಸಿಹಿಯಲ್ಲದ್ದನ್ನು ಒಲ್ಲದ ಕೂಸು ತನಗೆ ಬೇಕಾದುದನ್ನೇ ಒಲ್ಲೆ ಎಂದಂತಾಗುತ್ತದೆ.

ಹಾಗಾದರೆ ಕೆಲವು ಮಕ್ಕಳದು ಹುಟ್ಟಿನಿಂದಲೇ ಸಿಹಿ ನಾಲಗೆಯೇ? ಎಲ್ಲ ಮಕ್ಕಳದೂ ಹೌದು. ಆಗತಾನೇ ಜನಿಸಿದ ಶಿಶುವಿನ ತುಟಿಗೆ ಸಿಹಿ ತಾಗಿದರೆ ಮುಖ ಅರಳುತ್ತದೆ, ಕಹಿ ತಾಗಿದರೆ ಮುಖ ಕಿವುಚಿ ಬಾಯಿ ತೆರೆಯುತ್ತದೆ. ತಾಯಿಯ ಹಾಲು ಮಧುರ ರಸ ಪ್ರಧಾನವಾದುದು; ಅದನ್ನು ಬಯಸುವಂತೆ ಪ್ರಕೃತಿಯೇ ನಾಲಗೆಯನ್ನು ರೂಪಿಸಿದೆ. ಉಳಿದ ರುಚಿಗಳನ್ನು ಕೂಸು ಕಲಿಯಬೇಕಾಗುತ್ತದೆ, ಮಾತು ಕಲಿತಂತೆ, ನಡಿಗೆ ಕಲಿತಂತೆ. ಎದ್ದು ನಿಲ್ಲಲು ಹೋಗಿ ಬಿದ್ದ ಕೂಸನ್ನು ಕಂಡು ಇದಕ್ಕೆ ನಡಿಗೆ ಒಗ್ಗದು ಎಂದು ಯಾರೂ ತೀರ್ಮಾನಿಸುವುದಿಲ್ಲ. ಆದರೆ ಪಾಲಕದ ತೊವ್ವೆಯನ್ನು ಎರಡು ಸಲ ಉಗುಳಿದರೆ ಮಾತ್ರ ಇದಕ್ಕೆ ಸೊಪ್ಪು ಸೇರದು ಎಂದು ಮನೆಮಂದಿಯೆಲ್ಲ ಒಮ್ಮತಕ್ಕೆ ಬಂದುಬಿಡುತ್ತಾರೆ.

ಉಗುಳುವುದೆಲ್ಲ ನಿರಾಕರಣೆಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮೊಲೆಯುಣ್ಣುವ ಶಿಶುವಿಗೆ ನಾಲಗೆಯನ್ನು ಮುಂದಕ್ಕೆ ಚಾಚುವುದು ಸಹಜ ಕ್ರಿಯೆ. ಆರನೆಯ ತಿಂಗಳ ಹೊತ್ತಿಗೆ ಅದು ಕುಗ್ಗಿದರೂ ಪೂರ್ಣವಾಗಿ ಹೋಗಿರುವುದಿಲ್ಲ. ತುತ್ತನ್ನು ಹಿಂದಕ್ಕೆ ಸರಿಸಿ ನುಂಗುವುದನ್ನು ಕೂಸು ಇನ್ನೂ ಕಲಿಯುತ್ತಿರುವಾಗ ತುತ್ತು ಹೊರಗೇ ಬರುತ್ತದೆ. ಮುಖ ಕಿವುಚುವುದೂ ಹೀಗೆಯೇ. ಅದು ಅಚ್ಚರಿಯ ಗುರುತು. ಕಿವುಚಿದ ಮುಖದಲ್ಲಿಯೇ ಬಾಯಿ ಮತ್ತೆ ತೆರೆದರೆ ಎರಡನೆಯ ತುತ್ತು ಇಡಬಹುದು. ತಲೆ ತಿರುಗಿಸಿ, ತುಟಿ ಬಿಗಿದು, ಚಮಚವನ್ನು ತಳ್ಳಿದರೆ ಅಂದಿಗೆ ಸಾಕು.

ಅಂದಿಗೆ ಮಾತ್ರ ಸಾಕು. ಹೊಸ ರುಚಿಯೊಂದನ್ನು ಕೂಸು ಒಪ್ಪಿಕೊಳ್ಳಲು ಎಂಟು ಹತ್ತು ಬಾರಿ, ಕೆಲವೊಮ್ಮೆ ಹದಿನೈದು ಬಾರಿ ಅದು ನಾಲಗೆಗೆ ತಾಗಬೇಕಾಗುತ್ತದೆ ಎಂದು ಆಧುನಿಕ ಅಧ್ಯಯನಗಳು ತೋರಿಸಿವೆ. ಬಹುಪಾಲು ತಾಯಂದಿರು ಮೂರನೆಯ ಬಾರಿಗೇ ಕೈಬಿಡುತ್ತಾರೆ. ಆಯುರ್ವೇದ ಇದನ್ನೇ ಸಾತ್ಮ್ಯ ಎನ್ನುತ್ತದೆ. ಅಭ್ಯಾಸದಿಂದ ದೇಹಕ್ಕೆ ಒಗ್ಗಿದ್ದು ಎಂದರ್ಥ. ಚರಕ ಸಂಹಿತೆಯ ಸೂತ್ರಸ್ಥಾನವು ಎಲ್ಲ ರಸಗಳ ಅಭ್ಯಾಸವನ್ನು ಬಲವರ್ಧಕಗಳಲ್ಲಿ ಶ್ರೇಷ್ಠವೆಂದೂ, ಒಂದೇ ರಸದ ಅಭ್ಯಾಸವನ್ನು ದೌರ್ಬಲ್ಯಕ್ಕೆ ಮುಖ್ಯ ಕಾರಣವೆಂದೂ ಎಣಿಸಿದೆ. ಹಾಲು, ಸಕ್ಕರೆ, ಬಿಸ್ಕತ್ತು, ಬಾಳೆಹಣ್ಣುಗಳಲ್ಲಿ ದಿನ ಕಳೆಯುವ ಕೂಸಿನದು ಏಕರಸಾಭ್ಯಾಸವಲ್ಲದೆ ಮತ್ತೇನು?

ಈ ಅಭ್ಯಾಸ ಚಮಚಕ್ಕಿಂತ ಮೊದಲೇ ತೊಡಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಫಿಲಡೆಲ್ಫಿಯಾ ನಗರದ ಮೊನೆಲ್ ಸಂಶೋಧನ ಕೇಂದ್ರದವರು ೨೦೦೧ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಗರ್ಭಿಣಿಯಾಗಿದ್ದಾಗಲೋ ಹಾಲುಣಿಸುವಾಗಲೋ ಗಜ್ಜರಿಯ ರಸವನ್ನು ಕುಡಿದ ತಾಯಂದಿರ ಮಕ್ಕಳು, ಮುಂದೆ ಗಜ್ಜರಿ ಬೆರೆತ ಗಂಜಿಯನ್ನು ಉಣ್ಣುವಾಗ ಮುಖ ಕಿವುಚಿದ್ದು ಕಡಿಮೆ. ತಾಯಿ ಉಂಡ ರುಚಿಯ ಸುಳಿವು ಗರ್ಭಜಲಕ್ಕೂ ಎದೆಹಾಲಿಗೂ ಇಳಿಯುತ್ತದೆ. ನಮ್ಮಲ್ಲಿ ಬಾಣಂತಿಗೆ ಸೊಪ್ಪು ಶೀತ, ಕಾಯಿಪಲ್ಲೆ ವಾಯು ಎಂದು ತಿಂಗಳುಗಟ್ಟಲೆ ಅನ್ನ, ತುಪ್ಪ, ಮೆಣಸಿನ ಸಾರಿನಲ್ಲಿಯೇ ಇರಿಸುವ ಮನೆಗಳಿವೆ. ಪಥ್ಯ ಬೇಕು ನಿಜ. ಆದರೆ ಅಷ್ಟು ದೀರ್ಘವಾದ ಪಥ್ಯದಿಂದ ತಾಯಿಗೂ ಕೂಸಿಗೂ ನಷ್ಟವೇ ಎಂಬುದು ನಮ್ಮ ಅಭಿಪ್ರಾಯ.

ಆರಂಭದ ಕಾಲದ ಬಗೆಗೆ ಶಾಸ್ತ್ರಗಳಲ್ಲಿ ಭೇದವಿದೆ. ಸುಶ್ರುತರು ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಹೇಳಿದರೆ, ಕಾಶ್ಯಪ ಸಂಹಿತೆಯು ಆರನೆಯ ತಿಂಗಳಿಗೆ ಹಣ್ಣನ್ನು ಹೇಳಿ ಅನ್ನವನ್ನು ಮುಂದಕ್ಕೆ ಇಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಆರು ತಿಂಗಳು ತುಂಬಿದೊಡನೆ ಮೇಲಾಹಾರವನ್ನು ಆರಂಭಿಸಿ, ಎರಡು ವರ್ಷದವರೆಗೆ ಅಥವಾ ಅದಕ್ಕೂ ಮೀರಿ ಎದೆಹಾಲನ್ನು ಮುಂದುವರಿಸಬೇಕೆನ್ನುತ್ತದೆ. ನಾವು ಅನುಸರಿಸುವುದು ಇದನ್ನೇ.

ಮೊದಲ ತುತ್ತು ಸಿಹಿಯಾಗಿರಬೇಕೆಂಬ ನಿಯಮವೇನೂ ಇಲ್ಲ. ಮೆತ್ತಗೆ ಬೇಯಿಸಿ ಮಸೆದ ಕುಂಬಳಕಾಯಿ, ಸೋರೆಕಾಯಿ, ಹೀರೇಕಾಯಿ, ಗಜ್ಜರಿ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿರಿ. ಅದಕ್ಕೆ ಸ್ವಲ್ಪ ಎದೆಹಾಲನ್ನೇ ಹಿಂಡಿ ಬೆರೆಸಿದರೆ ಪರಿಚಿತ ರುಚಿಯ ಕೈಹಿಡಿದು ಅಪರಿಚಿತ ರುಚಿ ಒಳಬರುತ್ತದೆ. ಎರಡು ಮೂರು ಚಮಚ ಸಾಕು. ಕೆಲವು ದಿನಗಳ ನಂತರ ಹೆಸರುಬೇಳೆ ಅಕ್ಕಿಯ ಕಿಚಡಿಯಲ್ಲಿ ಅದೇ ತರಕಾರಿ, ಆಮೇಲೆ ಚಿಟಿಕೆಯಷ್ಟು ಮೆಂತ್ಯೆಯ ಇಲ್ಲವೆ ನುಗ್ಗೆಯ ಎಳೆ ಸೊಪ್ಪು. ಕಹಿ, ಒಗರುಗಳನ್ನು ಬೇಳೆಯ ಮಡಿಲಲ್ಲಿಟ್ಟು ಕೊಟ್ಟರೆ ಕೂಸು ಬೇಗ ಒಪ್ಪುತ್ತದೆ. ಅರ್ಧ ಚಮಚ ತುಪ್ಪ, ಉಣಿಸುವ ಮುನ್ನ ನಾಲ್ಕು ಹನಿ ನಿಂಬೆರಸ. ಸಸ್ಯಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಹುಳಿ ಸಹಾಯಕ. ಬೇಳೆಯ ತಿಳಿಗಟ್ಟನ್ನು ಮಾತ್ರ ಕುಡಿಸುವ ರೂಢಿಯನ್ನು ಬಿಡಬೇಕು. ಸತ್ವವಿರುವುದು ತಳದಲ್ಲಿ. ಚಮಚ ಓರೆಮಾಡಿದರೂ ಕೂಡಲೇ ಸುರಿದುಹೋಗದಷ್ಟು ಗಟ್ಟಿಯಿರಲಿ. ಒಂಬತ್ತನೆಯ ತಿಂಗಳ ಹೊತ್ತಿಗೆ ಮಿಕ್ಸರನ್ನು ಬದಿಗಿಟ್ಟು ಕೈಯಲ್ಲಿ ಕಿವುಚಿ ಕೊಡಿರಿ. ಹತ್ತು ತಿಂಗಳು ದಾಟಿದರೂ ನುಣ್ಣನೆಯದನ್ನೇ ಉಂಡ ಮಕ್ಕಳು ಮುಂದೆ ಅಗಿಯುವ ಆಹಾರಕ್ಕೆ ಹಟ ಹಿಡಿಯುವುದು ಹೆಚ್ಚು.

ಸಿಹಿಯಲ್ಲದ್ದು ಎಂದರೆ ಉಪ್ಪಿನದು ಎಂದಲ್ಲ. ಒಂದು ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಯಾವುದನ್ನೂ ಬೆರೆಸಬೇಕಾಗಿಲ್ಲ. ದೊಡ್ಡವರು ರುಚಿ ನೋಡಿ ಸಪ್ಪೆ ಎಂದು ಉಪ್ಪು ಹಾಕುತ್ತಾರೆ. ಸಪ್ಪೆಯೆಂಬುದು ಉಪ್ಪುಂಡ ನಾಲಗೆಯ ದೂರು. ಕೂಸಿಗೆ ಕುಂಬಳಕಾಯಿಯ ರುಚಿಯೇ ಒಂದು ಹೊಸ ಲೋಕ.

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಿಬಿಡುವುದು ಒಳಿತು. ವೃತ್ತಿಯ ಮೊದಲ ವರ್ಷಗಳಲ್ಲಿ ನಾವೇ ರಾಗಿ ಸರಿಗೆ ಕಲ್ಲುಸಕ್ಕರೆ ಹಾಕಿರೆಂದು ಹೇಳುತ್ತಿದ್ದೆವು, ಔಷಧವನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಿರೆನ್ನುತ್ತಿದ್ದೆವು. ನವಜಾತ ಶಿಶುವಿಗೆ ಜೇನು ತುಪ್ಪಗಳ ಲೇಹವನ್ನು ಶಾಸ್ತ್ರ ಹೇಳಿದೆಯಲ್ಲವೇ ಎಂಬುದು ನಮ್ಮ ಸಮರ್ಥನೆಯಾಗಿತ್ತು. ಆದರೆ ಜೇನಿನಲ್ಲಿ ಬಾಟ್ಯುಲಿಸಂ ಎಂಬ ವಿಷರೋಗದ ಸೂಕ್ಷ್ಮಾಣುಬೀಜಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ವರ್ಷ ತುಂಬದ ಕೂಸಿನ ಕರುಳಿನಲ್ಲಿ ಅವು ಬೆಳೆದು ಸ್ನಾಯುಗಳನ್ನು ಸೋಲಿಸಿ ಉಸಿರಿಗೂ ಕುತ್ತು ತರಬಲ್ಲವು. ಇದು ತಿಳಿದ ಮೇಲೆ ವರ್ಷದೊಳಗಿನ ಕೂಸಿಗೆ ಜೇನನ್ನು ನಾವು ಪೂರ್ಣವಾಗಿ ನಿಲ್ಲಿಸಿದ್ದೇವೆ. ಭಕ್ತರೂ ನಿಲ್ಲಿಸಬೇಕೆಂದು ಕೋರುತ್ತೇವೆ.

ಪ್ರಸಾದದ ವಿಷಯವನ್ನು ಹಲವರು ಕೇಳುತ್ತಾರೆ. ಜಾತ್ರೆಯ ದಾಸೋಹದಲ್ಲಿ ಹುಗ್ಗಿಯನ್ನು ಬೆರಳತುದಿಯಲ್ಲಿ ಕೂಸಿನ ತುಟಿಗೆ ಸವರುವ ಹಿರಿಯರ ಭಾವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಸಾದವೆಂದರೆ ಸಿಹಿಯೇ ಆಗಬೇಕೆಂದಿಲ್ಲವಲ್ಲ. ದಾಸೋಹದ ಅನ್ನದ ನಾಲ್ಕು ಅಗುಳುಗಳನ್ನು ಕಿವುಚಿ ಇಟ್ಟರೂ ಅದು ಪ್ರಸಾದವೇ.

ಈಗಾಗಲೇ ಸಿಹಿಗೆ ಒಗ್ಗಿಹೋದ ಕೂಸಿಗೆ ಏನು ಮಾಡಬೇಕು? ಒಗ್ಗಿದ್ದನ್ನು ಒಮ್ಮೆಲೇ ಬಿಡಿಸದೆ ಕಾಲು ಕಾಲು ಭಾಗವಾಗಿ ಬಿಡಿಸುವ ಕ್ರಮವನ್ನು ಚರಕರು ಹೇಳಿದ್ದಾರೆ. ಆ ಅಜ್ಜಿಗೂ ಹಾಗೆಯೇ ತಿಳಿಸಿದೆವು. ಸರಿಗೆ ಹಾಕುವ ಸಕ್ಕರೆಯಲ್ಲಿ ಕಾಲುಭಾಗ ಕಡಿಮೆ, ನಾಲ್ಕೈದು ದಿನ ಬಿಟ್ಟು ಇನ್ನೊಂದು ಕಾಲುಭಾಗ. ಬಿಸ್ಕತ್ತು ಮಾತ್ರ ಅಂದೇ ಬಂದ್. ಹಾಲು ಹೊಟ್ಟೆ ತುಂಬಿಸಿ ಹಸಿವನ್ನು ಕೊಲ್ಲುತ್ತದೆಯಾದ್ದರಿಂದ ಊಟದ ನಂತರವೇ ಹಾಲು. ಮನೆಮಂದಿ ಉಣ್ಣಲು ಕುಳಿತಾಗ ಕೂಸನ್ನೂ ಪಂಕ್ತಿಯಲ್ಲಿ ಕುಳ್ಳಿರಿಸಿ, ಅದರ ಮುಂದೆ ಒಂದು ಬಟ್ಟಲಿಟ್ಟು, ಕೈಹಾಕಿ ಚೆಲ್ಲಿದರೆ ಚೆಲ್ಲಲಿ ಎಂದೆವು. ದೊಡ್ಡವರು ಉಣ್ಣುವುದನ್ನು ನೋಡುವಷ್ಟು ಪ್ರಭಾವ ಯಾವ ಪುಸಲಾವಣೆಗೂ ಇಲ್ಲ. ಒಂದು ತುತ್ತು ಉಂಡರೆ ಸಿಹಿ ಕೊಡುತ್ತೇನೆಂಬ ಆಮಿಷದಿಂದ ಸಿಹಿಯ ಬೆಲೆ ಏರುತ್ತದೆ, ತುತ್ತಿನ ಬೆಲೆ ಇಳಿಯುತ್ತದೆ. ತೊಡೆಯ ಮೇಲೆ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಗಂಜಿ ಸುರಿಯುವುದಂತೂ ಅಪಾಯಕರ. ಅದು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಮೊದಲ ವಾರ ಅಳುವೇ ಅಳು ಎಂದು ಅಜ್ಜಿ ಹೇಳಿಕಳುಹಿಸಿದ್ದರು. ಎರಡನೆಯ ತಿಂಗಳಿಗೆ ಬಂದಾಗ ಕೂಸು ರೊಟ್ಟಿಯ ಮೆದುವಾದ ಚೂರನ್ನು ಹೆಸರುಕಾಳಿನ ಪಲ್ಯದಲ್ಲಿ ಹೊರಳಿಸಿಕೊಂಡು ತಾನೇ ಬಾಯಿಗಿಡುತ್ತಿತ್ತಂತೆ. ಪಾಲಕ ಇನ್ನೂ ಒಪ್ಪಿರಲಿಲ್ಲ. ಎಷ್ಟನೆಯ ಸಲ ಕೊಟ್ಟಿರಿ ಎಂದರೆ, "ಆರು ಸಲ ಆತ್ರಿ, ಇನ್ನಾ ನಾಕು ಬಾಕಿ ಅದಾವು" ಎಂದು ನಕ್ಕರು.

ಕೆಲವೊಮ್ಮೆ ಸಮಸ್ಯೆ ರುಚಿಯದಾಗಿರುವುದಿಲ್ಲ. ಪ್ರತಿ ತುತ್ತಿಗೂ ಕೆಮ್ಮು ಬರುವ, ವರ್ಷ ತುಂಬಿದರೂ ಗಟ್ಟಿ ಆಹಾರಕ್ಕೆ ಒಕ್ಕರಿಸುವ, ಎರಡು ಮೂರು ತಿಂಗಳಿನಿಂದ ತೂಕ ಏರದ, ಮಣ್ಣು ಸುಣ್ಣವನ್ನು ಹುಡುಕಿ ತಿನ್ನುವ ಕೂಸನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರದಿಂದ ವಾರಕ್ಕೆ ಎರಡು ಬಾರಿ ಒಂದೊಂದು ಮಿ.ಲೀ. ಕಬ್ಬಿಣಾಂಶದ ಸಿರಪ್ಪಿನ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ ಪಡೆಯಿರಿ, ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿಸಿರಿ.