ಒಣಗಿಸಿ ಇಡಲಾಗದ ಬೀಜಗಳು

ಸಿಂಧನೂರಿನ ಕಾಲುವೆ ಸೀಮೆಯ ರೈತರು ಬಿತ್ತನೆ ಭತ್ತವನ್ನು ಚೆನ್ನಾಗಿ ಒಣಗಿಸಿ ಚೀಲ ಕಟ್ಟಿಟ್ಟರೆ ಮುಂದಿನ ಹಂಗಾಮಿಗೆ ಚಿಂತೆಯಿಲ್ಲ. ಲಿಂಗಸುಗೂರು, ಮಸ್ಕಿ ಕಡೆಯ ಜೋಳ, ತೊಗರಿಗೂ ಇದೇ ಮಾತು. ಇಂಥ ಬೀಜ ಶೀತಲ ಕೋಣೆಯಲ್ಲಿ ಹತ್ತಾರು ವರ್ಷ ಮೊಳೆಯುವ ಶಕ್ತಿ ಉಳಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದವರು 2000ದಲ್ಲಿ ತೆರೆದ ಬೀಜ ಭಂಡಾರ ನಡೆಯುತ್ತಿರುವುದೂ ಈ ತತ್ತ್ವದ ಮೇಲೆಯೇ.

ನಮ್ಮ ಬೆಳೆಗಳ ಜಾತಕ ಬೇರೆ. ಬೀಜದಡಿಕೆ ಒಣಗಿತೆಂದರೆ ಮೊಳಕೆಯ ಆಸೆ ಬಿಟ್ಟಂತೆ. ಕಾಫಿ ಬೀಜವೂ ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಇಂಥ ತಳಿಗಳನ್ನು ಡಬ್ಬಿಯಲ್ಲಿ ಕಾಪಾಡಲಾಗದು. ನೆಲದಲ್ಲಿ ನೆಟ್ಟು, ನೀರು ನೆರಳು ಕೊಟ್ಟು ಜೀವಂತವಾಗಿಯೇ ಇಡಬೇಕು. ಸಸ್ಯೋದ್ಯಾನಗಳೂ ಸಂಶೋಧನಾ ತೋಟಗಳೂ ಬೇಕಾಗುವುದು ಇಲ್ಲಿಯೇ. ಲಾಲ್‌ಬಾಗ್ ಎಂದರೆ ಫಲಪುಷ್ಪ ಪ್ರದರ್ಶನವಷ್ಟೇ ಎಂದು ತಿಳಿದವರು ನಮ್ಮಲ್ಲೂ ಕಡಮೆಯಿಲ್ಲ!

1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವನ್ನೇ ನೋಡೋಣ. ಅಲ್ಲಿಂದ ಬಂದ ಎಸ್.795 ತಳಿಗೆ ಎಲೆ ತುಕ್ಕು ತಡೆಯುವ ಗುಣ ದೊರೆತದ್ದು ಲೈಬೀರಿಕ ಎಂಬ ಬೇರೆಯೇ ಜಾತಿಯ ಸಂಬಂಧದಿಂದ. ಆ ತಡೆ ಈಗ ಬಹುಮಟ್ಟಿಗೆ ಕುಂದಿದೆ. ಮುಂದಿನ ತಳಿಗೆ ಮತ್ತೆ ಕಾಡುಕಾಫಿಯ ಬಳಗವನ್ನೇ ಹುಡುಕಬೇಕು. ಆದರೆ ಆ ಬಳಗದ ಸ್ಥಿತಿ ಏನು? ಕ್ಯೂ ತಜ್ಞರು 2019ರಲ್ಲಿ ಪ್ರಕಟಿಸಿದಂತೆ 124 ಕಾಫಿ ಜಾತಿಗಳಲ್ಲಿ ಶೇಕಡಾ 60ರಷ್ಟು ಅಳಿವಿನ ಭೀತಿಯಲ್ಲಿವೆ. ಶೇಕಡಾ 45ರಷ್ಟು ಯಾವ ಸಂಗ್ರಹದಲ್ಲೂ ಇರಲಿಲ್ಲ. ಸೆಖೆ ತಾಳಿಕೊಳ್ಳುವ, ಅರೇಬಿಕದಂತೆಯೇ ರುಚಿಯಿರುವ ಸ್ಟೆನೊಫಿಲ್ಲ ಎಂಬ ಜಾತಿ 2018ರಲ್ಲಿ ಸಿಯೆರಾ ಲಿಯೋನ್ ದೇಶದ ಕಾಡಿನಲ್ಲಿ ಮತ್ತೆ ಸಿಕ್ಕಿತು. ಬೇಸಿಗೆ ವರ್ಷವರ್ಷಕ್ಕೆ ಬಿಗಿಯಾಗುತ್ತಿರುವಾಗ ಇದು ದೂರದ ಸುದ್ದಿಯೆಂದು ನಮಗೆ ಅನ್ನಿಸದು.

ಅಡಿಕೆಯವರಿಗೆ ಇನ್ನೂ ಹತ್ತಿರದ, ತುಸು ಮುಜುಗರದ ಸಂಗತಿಯೊಂದಿದೆ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳು ಎಷ್ಟೋ ಕಡೆ ಅಡಿಕೆ ತೋಟ, ಗದ್ದೆಗಳಾದವು. ಅಳಿದುಳಿದ ಜಡ್ಡಿಗಳಲ್ಲೊಂದಾದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಗೇರು ಬಳಗದ ಹೊಸ ಮರವೊಂದು ಕಂಡುಬಂದು, 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಾಯಿತು. ಬೆಳೆದ ಮರಗಳು ಬೆರಳೆಣಿಕೆಯಷ್ಟು. ಗಂಡು ಹೆಣ್ಣು ಬೇರೆ ಬೇರೆ. ಇದರ ಬೀಜವೂ ಒಣಗಿದರೆ ಸಾಯುತ್ತದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಸಸಿ ಎಬ್ಬಿಸಿ ಜಡ್ಡಿಗಳಲ್ಲಿ ನೆಡಿಸಿದ್ದಾರೆ. ಸಸಿಗೆ ಬೇಕಾದ್ದು ವರ್ಷವಿಡೀ ಜಿನುಗುವ ನೀರು. ಅದನ್ನೇ ಮೇಲಿನ ತೋಟದವರು ಕಾಲುವೆ ತೋಡಿ ತಿರುಗಿಸಿಕೊಂಡರೆ ಯಾವ ಸಸ್ಯೋದ್ಯಾನದಿಂದ ತಂದು ನೆಟ್ಟರೂ ಉಳಿಯದು. ಜಡ್ಡಿಯ ಅಂಚಿನ ಬೆಳೆಗಾರ ಬಾಂಧವರು ಈ ಬೇಸಿಗೆಯಲ್ಲಿ ಬಸಿಗಾಲುವೆ ಆಳಗೊಳಿಸುವ ಮುನ್ನ ಕೆಳಗೇನಿದೆಯೆಂದು ಒಮ್ಮೆ ಇಳಿದು ನೋಡಬೇಕೆಂದು ಕೋರುತ್ತೇವೆ.